ವರ್ಷಕ್ಕೊಮ್ಮೆ ಬೀಳುತ್ತಿದ್ದ ಮೇಷ್ಟ್ರು

ವರ್ಷಕ್ಕೊಮ್ಮೆ, ಹತ್ತನೇ ತರಗತಿಗೆ ನರಮಂಡಲದ ಪಾಠ ಬಂದ ದಿನ, ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ನೆಲಕ್ಕೆ ಬೀಳುತ್ತಿದ್ದರು. ಬೀಳುವುದೆಂದರೆ ದಡಕ್ಕನೆ ಬೀಳುವುದಲ್ಲ, ಅದಕ್ಕೊಂದು ಕ್ರಮವಿತ್ತು. ಮೊದಲು ಕೈಯಿಂದ ಸೀಮೆಸುಣ್ಣ ಜಾರಬೇಕು. ಆಮೇಲೆ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಬೇಕು, ಮಾತು ತೊದಲಬೇಕು, ಕೊನೆಗೆ ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಜಾರಿ ಕೂರಬೇಕು. ಪ್ಯಾಂಟಿಗೆ ಧೂಳು ಮೆತ್ತಬಾರದೆಂದು ಆ ಜಾಗವನ್ನು ಬೆಳಿಗ್ಗೆಯೇ ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿರುತ್ತಿದ್ದರು. ಆ ಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೇ.

ಹೋದ ತಿಂಗಳು ಅವರು ತೀರಿಕೊಂಡರು. ನಿದ್ದೆಯಲ್ಲೇ ಹೋದರಂತೆ, ಯಾವ ಕ್ರಮವನ್ನೂ ಪಾಲಿಸದೆ. ಶಾಲೆಯ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಎಂದು ಹೆಡ್‌ಮಾಸ್ಟರು ಕೇಳಿದರು. ಜೊತೆಗೆ, "ಸ್ವಲ್ಪ ಗಂಭೀರವಾಗಿ ಬರೀರಿ ಮೇಡಂ" ಎಂದೂ ಸೇರಿಸಿದರು. ನನ್ನ ಯೋಗ್ಯತೆ ಅವರಿಗೆ ಚೆನ್ನಾಗಿ ಗೊತ್ತು. ಗಂಭೀರವಾಗಿ ಬರೆಯಲು ಕೂತೆ. ಮೂರು ಸಲ ಹರಿದು ಹಾಕಿದೆ. ಆ ಮನುಷ್ಯನ ಬಗ್ಗೆ ಗಂಭೀರವಾಗಿ ಬರೆದರೆ ಅದು ಬೇರೆ ಯಾರದೋ ಕಥೆಯಾಗುತ್ತದೆ. ಹಾಗಾಗಿ ಸಂಚಿಕೆಗೆ ಬೇರೆ ಏನಾದರೂ ಕೊಟ್ಟರಾಯಿತು, ಇದನ್ನು ನನ್ನ ಸಮಾಧಾನಕ್ಕೆ ಬರೆಯುತ್ತಿದ್ದೇನೆ.

ನಾನು ಕನ್ನಡದ ಟೀಚರು. ಬೆಂಗಳೂರಿನ ವಿಜಯನಗರದ ನಮ್ಮ ಶಾಲೆಯಲ್ಲಿ ಅವರ ಪೀರಿಯಡ್ಡು ಮುಗಿದ ಮೇಲೆ ನನ್ನದು. ಯಾವ ಜನ್ಮದ ಪಾಪವೋ, ಹದಿನಾಲ್ಕು ವರ್ಷವೂ ವೇಳಾಪಟ್ಟಿ ಹಾಗೇ ಬಂತು. ಬೆಲ್ಲು ಹೊಡೆದ ಕೂಡಲೇ ಅವರು ಪಾಠ ನಿಲ್ಲಿಸಿದ ಉದಾಹರಣೆಯೇ ಇಲ್ಲ. ನಾನು ಪುಸ್ತಕಗಳನ್ನು ಎದೆಗೊತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದೆ. ಅವರು ನನ್ನತ್ತ ನೋಡಿ ಎರಡು ಬೆರಳು ತೋರಿಸುತ್ತಿದ್ದರು. "ಎರಡೇ ನಿಮಿಷ ಮೇಡಂ."

"ನಿಮ್ಮ ಎರಡು ನಿಮಿಷದಲ್ಲಿ ನನ್ನ ಹಳಗನ್ನಡ ಪದ್ಯ ಅರ್ಧ ಹೋಗುತ್ತೆ ಸಾರ್!"

"ಹಳಗನ್ನಡದೋರು ಸಾವಿರ ವರ್ಷ ಕಾದಿದಾರೆ, ಇನ್ನೆರಡು ನಿಮಿಷ ಕಾಯ್ತಾರೆ ಬಿಡ್ರಿ."

ಮಕ್ಕಳು ಗೊಳ್ಳೆಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ನಿಂತಲ್ಲೇ ಅವರ ಪಾಠ ಕೇಳುತ್ತಿದ್ದೆ. ಕೇಳಿ ಕೇಳಿ ಹೃದಯ, ಮೂತ್ರಪಿಂಡ, ಮಿದುಳು ಎಲ್ಲ ನನಗೂ ಬಾಯಿಪಾಠವಾಗಿದ್ದವು. ಅವರಿಗೆ ಮಾತ್ರ ನನ್ನ ಒಂದು ಪದ್ಯವೂ ಬರಲಿಲ್ಲ.

ಅವರು ದಾವಣಗೆರೆ ಕಡೆಯವರು. ಇಲ್ಲಿಗೆ ಬಂದು ಮೂವತ್ತು ವರ್ಷವಾದರೂ ಮಂಡಕ್ಕಿಯ ಹುಚ್ಚು ಬಿಟ್ಟಿರಲಿಲ್ಲ. ಶನಿವಾರ ಸ್ಟಾಫ್ ರೂಮಿನ ಮೇಜಿನ ಮೇಲೆ ಪೇಪರ್ ಹರಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಖಾರದಪುಡಿ, ಎಣ್ಣೆ ಹಾಕಿ ಕೈಯಲ್ಲೇ ಕಲಸುತ್ತಿದ್ದರು. ಚಮಚ ಕೊಟ್ಟರೆ ಮುಖ ಗಂಟಿಕ್ಕುತ್ತಿದ್ದರು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಮೈಮೇಲೆ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ. ಅಂಗಿಯ ಮೇಲೆ ಒಂದು ಹನಿ ಬಿದ್ದರೂ ಸಹಿಸದ ಮನುಷ್ಯ, ಮಂಡಕ್ಕಿ ಕಲಸುವಾಗ ಮಾತ್ರ ಮೊಣಕೈವರೆಗೂ ಎಣ್ಣೆ.

ಶಾಲೆಯ ಪಕ್ಕದಲ್ಲೇ ಮೆಟ್ರೋ ಓಡುತ್ತದೆ. ರೈಲು ಹಾದು ಹೋಗುವಾಗ ನಾವೆಲ್ಲ ಗಂಟಲು ಹರಿದುಕೊಂಡು ಪಾಠ ಮಾಡುತ್ತೇವೆ. ಅವರು ಹಾಗೆ ಮಾಡುತ್ತಿರಲಿಲ್ಲ. ಯಾವ ಅಕ್ಷರದಲ್ಲಿದ್ದರೋ ಅಲ್ಲೇ ನಿಲ್ಲಿಸಿ, ಬಾಯಿ ತೆರೆದುಕೊಂಡೇ ಕಾಯುತ್ತಿದ್ದರು. ರೈಲು ಹೊಸಹಳ್ಳಿ ಕಡೆ ಹೋಯಿತು ಎಂದು ಖಾತ್ರಿಯಾದ ಮೇಲೆ ಮುಂದಿನ ಅಕ್ಷರದಿಂದ ಶುರು. "ರಕ್ತನಾ..." ಎಂದು ನಿಂತವರು "...ಳಗಳು" ಎಂದು ಮುಂದುವರಿಯುತ್ತಿದ್ದರು. ಇನ್ಸ್‌ಪೆಕ್ಷನ್ನಿಗೆ ಬಂದಿದ್ದ ಅಧಿಕಾರಿಯೊಬ್ಬರು ಒಮ್ಮೆ ಇದನ್ನು ನೋಡಿ, ಮೇಷ್ಟ್ರಿಗೆ ಏನೋ ಆಗಿದೆ ಎಂದು ಗಾಬರಿಬಿದ್ದು ಎದ್ದು ನಿಂತಿದ್ದರು.

ಪಾಠಕ್ಕೆ ಚಾರ್ಟು ಬಳಸುತ್ತಿರಲಿಲ್ಲ, ತರಕಾರಿ ತರುತ್ತಿದ್ದರು. ಮೂಡಲಪಾಳ್ಯದ ತಮ್ಮ ಮನೆಯ ಹತ್ತಿರದ ತಳ್ಳುಗಾಡಿಯಿಂದ ಮಿದುಳಿಗೆ ಒಂದು ಹೂಕೋಸು ಸ್ಕೂಟರಿನ ಕೊಕ್ಕೆಗೆ ನೇತಾಡಿಕೊಂಡು ಬರುತ್ತಿತ್ತು. ಪಾಠದ ಕೊನೆಯಲ್ಲಿ ಪ್ರಶ್ನೆಗೆ ಸರಿಯುತ್ತರ ಹೇಳಿದವರಿಗೆ ಆ ಹೂಕೋಸೇ ಬಹುಮಾನ. ಪೋಷಕರ ಸಭೆಯಲ್ಲಿ ಒಬ್ಬ ತಾಯಿ, "ಸಾರ್, ನಮ್ಮ ಮಗಳು ಮಿದುಳು ಗೆದ್ದು ತಂದಿದ್ಲು, ಗೋಬಿ ಮಂಚೂರಿ ಮಾಡಿದ್ವಿ" ಎಂದು ಖುಷಿಯಿಂದ ಹೇಳಿದ್ದರು. ಅವರು ಅಷ್ಟೇ ಖುಷಿಯಿಂದ, "ಗರಿಗರಿ ಆಗಿತ್ತೇನ್ರಿ?" ಎಂದು ವಿಚಾರಿಸಿದ್ದರು.

ಮಿದುಳಿನ ಬಗ್ಗೆ ಅವರು ಹೇಳುತ್ತಿದ್ದ ಮಾತು ಹೀಗಿತ್ತು. "ನೋಡ್ರಪ್ಪಾ, ಇಡೀ ಮೈಯಲ್ಲಿ ಈ ಮಹಾರಾಯನಷ್ಟು ಸೊಕ್ಕು ಯಾರಿಗೂ ಇಲ್ಲ. ಲಿವರ್ ಒಂದಿಷ್ಟು ಕೂಡಿಟ್ಕೊಂಡಿರುತ್ತೆ, ಸ್ನಾಯು ಒಂದಿಷ್ಟು ಇಟ್ಕೊಂಡಿರುತ್ತೆ. ಇವನ ಮನೇಲಿ ಅಕ್ಕಿ ಡಬ್ಬಾನೇ ಇಲ್ಲ! ಹೊತ್ತು ಹೊತ್ತಿಗೆ ರಕ್ತ ತಂದು ಬಡಿಸ್ತಾ ಇರಬೇಕು. ಒಂದು ನಾಳದಲ್ಲಿ ಹೆಪ್ಪು ಸಿಕ್ಕೊಳ್ತು ಅನ್ನಿ, ಅದರಾಚೆ ಇರೋ ಕಣಗಳು ನಿಮಿಷಗಳಲ್ಲಿ ಸಾಯೋಕೆ ಶುರು. ಕೈ ಕುಯ್ಕೊಂಡ್ರೆ ಚರ್ಮ ಮತ್ತೆ ಬರುತ್ತೆ. ಇವು ಸತ್ರೆ ಸತ್ತವೇ. ಆದ್ರೆ ಸುತ್ತಲೂ ಇರೋವು ತಕ್ಷಣ ಸಾಯಲ್ಲ, ಅಕ್ಕಪಕ್ಕದಿಂದ ಸಿಕ್ಕಿದ್ದು ತಿನ್ಕೊಂಡು ಹಸಿದು ಕೂತಿರ್ತವೆ. ಅವು ಕೈಬಿಟ್ಟು ಹೋಗೋದ್ರೊಳಗೆ ಆಸ್ಪತ್ರೆಗೆ ಹೋಗಿ ದಾರಿ ಬಿಡಿಸಬೇಕು. ನಿಮಿಷಕ್ಕೆ ಲಕ್ಷಗಟ್ಟಲೆ ಹೋಗ್ತಿರ್ತವೆ. ಲೆಕ್ಕ ಗೊತ್ತಲ್ಲ?"

ಹೀಗೆ ಹೇಳುತ್ತಾ ಹೇಳುತ್ತಾ ಲಕ್ವ ಹೊಡೆದವರ ಹಾಗೆ ಬೀಳುತ್ತಿದ್ದರು. ಅದಕ್ಕೆ ಅವರು ಕೊಟ್ಟ ಹೆಸರು ಡೆಮೋ. ಮಕ್ಕಳೇ ಎದ್ದು ಬಂದು ಎಲ್ಲ ಮಾಡಬೇಕು. ಒಬ್ಬರು ನಗಿಸಿ ಮುಖ ನೋಡಬೇಕು, ಒಬ್ಬರು ಎರಡೂ ಕೈ ಎತ್ತಿಸಬೇಕು, ಒಬ್ಬರು ಮಾತಾಡಿಸಬೇಕು, ಒಬ್ಬರು ಬೋರ್ಡಿನ ಮೇಲೆ ಸಮಯ ಬರೆಯಬೇಕು, ಒಬ್ಬರು ಆಂಬ್ಯುಲೆನ್ಸಿಗೆ ಫೋನ್ ಮಾಡಬೇಕು. ಶಾಲೆಯಲ್ಲಿ ಮಕ್ಕಳ ಕೈಗೆ ಮೊಬೈಲ್ ಕೊಡುವಂತಿಲ್ಲವಾದ್ದರಿಂದ ಬೋರ್ಡು ಒರೆಸುವ ಡಸ್ಟರೇ ಫೋನು. ಡಸ್ಟರನ್ನು ಕಿವಿಗಿಟ್ಟುಕೊಂಡು ವಿಳಾಸ ಸರಿಯಾಗಿ ಹೇಳಬೇಕು, ಹತ್ತಿರದ ಗುರುತು ಹೇಳಬೇಕು, ಆಸ್ಪತ್ರೆಯಲ್ಲಿ ಮೊದಲು ತಲೆಯ ಸ್ಕ್ಯಾನಿಂಗ್ ಆಗಬೇಕು ಎಂದೂ ಹೇಳಬೇಕು. ಎಲ್ಲ ಪೂರ್ತಿಯಾಗುವವರೆಗೂ ಅವರು ಏಳುತ್ತಿರಲಿಲ್ಲ, ಕಣ್ಣೂ ಮಿಟುಕಿಸುತ್ತಿರಲಿಲ್ಲ. ಒಂದು ವರ್ಷ ಯಾರಿಗೂ ಸ್ಕ್ಯಾನಿಂಗ್ ಎಂಬ ಮಾತು ನೆನಪಿಗೆ ಬರದೆ ಕಾಲು ಗಂಟೆ ಹಾಗೇ ಕೂತಿದ್ದರು. ಮುಗಿದ ಮೇಲೆ ಎದ್ದು ಪ್ಯಾಂಟು ಕೊಡವಿಕೊಂಡು ಮಂಗಳಾರತಿ. "ನಾನು ಹೋಗಿ ಹತ್ತು ನಿಮಿಷ ಆಯ್ತು, ನೀವಿನ್ನೂ ಯಾರು ಫೋನ್ ಮಾಡೋದು ಅಂತ ಜಗಳ ಆಡ್ತಿದೀರಾ!"

ಮೊದಮೊದಲು ಮಕ್ಕಳು ಮಾಡುತ್ತಿದ್ದ ಚಿಕಿತ್ಸೆಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಒಬ್ಬ ಈರುಳ್ಳಿ ಮೂಸಿಸಬೇಕು ಎಂದ. ಒಬ್ಬಳು ಬೀಗದ ಕೈ ಹಿಡಿಸಲು ಬಂದಳು. ಇನ್ನೊಬ್ಬ ಸೋಡಾ ತರಲು ಓಡಿದವನು, ಸೋಡಾ ಅಂಗಡಿಯಲ್ಲೇ ಕುಡಿದು ಬಂದ. ಸತ್ತಂತೆ ಕೂತಿದ್ದ ಮೇಷ್ಟ್ರು ಸೊಟ್ಟ ಬಾಯಲ್ಲೇ, "ಲೇ, ಬಾಯಿಗೆ ಏನೂ ಹಾಕಬಾರದು ಕಣೋ" ಎಂದು ಪಿಸುಗುಟ್ಟಿದ್ದರು.

ಇಷ್ಟೆಲ್ಲ ಯಾಕೆ ಮಾಡ್ತೀರಿ ಎಂದು ಒಮ್ಮೆ ಮಂಡಕ್ಕಿ ತಿನ್ನುವಾಗ ಕೇಳಿದೆ. "ನಮ್ಮಪ್ಪಂಗೆ ಲಕ್ವ ಹೊಡೀತು ಮೇಡಂ. ಊರವರು ಸೇರ್ಕೊಂಡು ಮೂರು ದಿನ ಪಾರಿವಾಳದ ರಕ್ತ ಹಚ್ಚಿ ತಿಕ್ಕಿದ್ರು. ನಾನು ಆವಾಗ ಬಿಎಸ್ಸಿ ಓದ್ತಿದ್ದೆ. ಪಾರಿವಾಳ ಹಿಡ್ಕೊಂಡು ಬಂದಿದ್ದು ನಾನೇ" ಎಂದರು. ಹೇಳಿ, ಪೇಪರಿನ ಮೂಲೆಯಲ್ಲಿ ಉಳಿದಿದ್ದ ಶೇಂಗಾಬೀಜಗಳನ್ನು ಒಂದೊಂದಾಗಿ ಹೆಕ್ಕಿ ತಿಂದರು.

ಅವರು ನಿವೃತ್ತರಾಗುವ ವರ್ಷ ಬಂತು. ಕೊನೆಯ ಡೆಮೋ ಎಂದು ಶಾಲೆಗೆಲ್ಲ ಸುದ್ದಿ. ಆ ಮಕ್ಕಳೋ, ಅಣ್ಣ ಅಕ್ಕಂದಿರಿಂದ ಕೇಳಿ ಕೇಳಿ ಎಂಟನೇ ತರಗತಿಯಿಂದಲೇ ಕಾಯುತ್ತಿದ್ದವರು. ಯಾರು ಮುಖ, ಯಾರು ಕೈ, ಯಾರು ಡಸ್ಟರು ಎಂದು ವಾರದ ಹಿಂದೆಯೇ ತೀರ್ಮಾನಿಸಿಕೊಂಡಿದ್ದರು. ಹನ್ನೊಂದೂ ಇಪ್ಪತ್ತಕ್ಕೆ ಬೆಲ್ಲಾಯಿತು. ನಾನು ಎಂದಿನಂತೆ ಬಾಗಿಲಲ್ಲಿ ನಿಂತೆ. ಅವರು ನನ್ನತ್ತ ತಿರುಗಿ ಎರಡು ಬೆರಳು ಎತ್ತಬೇಕು ಎನ್ನುವಷ್ಟರಲ್ಲಿ ಕೈಯಿಂದ ಸೀಮೆಸುಣ್ಣ ಜಾರಿತು.

ಮಕ್ಕಳು ಹೋ ಎಂದು ಎದ್ದರು. ಬಾಯಿ ಸೊಟ್ಟಗಾಯಿತು. ಏನೋ ಹೇಳಲು ಹೋಗಿ ಬರೀ ಗೊರಗೊರ ಸದ್ದು ಬಂತು. ಗೋಡೆಗೆ ಒರಗಿ ಜಾರಿ ಕೂತರು. ಒಬ್ಬಳು ಓಡಿ ಹೋಗಿ ಬೋರ್ಡಿನ ಮೇಲೆ 11.22 ಎಂದು ಬರೆದಳು. ಒಬ್ಬ, "ಸಾರ್, ಸ್ಮೈಲ್ ಮಾಡಿ" ಎಂದ. ಇನ್ನೊಬ್ಬ ಎರಡೂ ಕೈ ಎತ್ತಿ ಹಿಡಿದು ಬಿಟ್ಟ. ಒಂದು ಕೈ ದೊಪ್ಪನೆ ಬಿತ್ತು. ಚಪ್ಪಾಳೆ! "ಸಾರ್ ಏನ್ ಆಕ್ಟಿಂಗ್ ಗುರು!" ಎಂದು ಹಿಂದಿನ ಬೆಂಚಿನಿಂದ ಕೂಗು. ಒಬ್ಬ ಹುಡುಗಿ ಡಸ್ಟರನ್ನು ಕಿವಿಗಿಟ್ಟುಕೊಂಡು, "ಹಲೋ, ಆಂಬ್ಯುಲೆನ್ಸಾ? ಐವತ್ತೊಂಬತ್ತು ವರ್ಷದ ಗಂಡಸು, ಮಾತು ನಿಂತಿದೆ, ಮೆಟ್ರೋ ಸ್ಟೇಷನ್ ಹಿಂದಿನ ಶಾಲೆ, ಬೇಗ ಬನ್ನಿ" ಎಂದು ಎಷ್ಟು ಸ್ಪಷ್ಟವಾಗಿ ಹೇಳಿದಳು ಎಂದರೆ ನಾನೇ ಭೇಷ್ ಎಂದೆ. ಎರಡು ನಿಮಿಷದೊಳಗೆ ಎಲ್ಲ ಮುಗಿಯಿತು. ಹದಿನಾಲ್ಕು ವರ್ಷದಲ್ಲಿ ಯಾವ ತಂಡವೂ ಇಷ್ಟು ಚುರುಕಾಗಿ, ಇಷ್ಟು ಸರಿಯಾಗಿ ಮಾಡಿರಲಿಲ್ಲ.

ಅವರು ಏಳಲಿಲ್ಲ. ಮಕ್ಕಳು ಏನೋ ಬಿಟ್ಟಿದ್ದೇವೆ ಎಂದುಕೊಂಡರು. "ಸ್ಕ್ಯಾನಿಂಗ್ ಹೇಳ್ರೋ" ಎಂದರು, ಹೇಳಿದರು. "ಬಾಯಿಗೆ ಏನೂ ಹಾಕಬಾರದು" ಎಂದರು. "ಒಂದು ಪಕ್ಕಕ್ಕೆ ಮಲಗಿಸಬೇಕು" ಎಂದರು. ನೆನಪಿದ್ದದ್ದನ್ನೆಲ್ಲ ಒಪ್ಪಿಸಿದರು. ನಾನು ಗಡಿಯಾರ ನೋಡಿದೆ, ನನ್ನ ಪೀರಿಯಡ್ಡು ಕರಗುತ್ತಿತ್ತು. ಬಾಗಿಲಿಂದಲೇ, "ಸಾರ್, ಸಾಕು ನಾಟಕ, ಏಳಿ. ಕೊನೇ ವರ್ಷ ಅಂತ ನನ್ನ ಪೀರಿಯಡ್ ಪೂರ್ತಿ ನಿಮ್ಮ ಹೆಸರಿಗೆ ಬರೆಸ್ಕೊಂಡು ಬಿಟ್ಟಿದ್ದೀರಾ?" ಎಂದೆ. ಮಕ್ಕಳು ನಕ್ಕರು. ನಾನೂ ನಕ್ಕೆ, ಚೆನ್ನಾಗಿಯೇ ನಕ್ಕೆ. ನನ್ನ ಮಾತಿಗೆ ನಾನೇ ಮೆಚ್ಚಿಕೊಂಡು ನಗುವ ಕೆಟ್ಟ ಅಭ್ಯಾಸ ನನಗೆ ಚಿಕ್ಕಂದಿನಿಂದಲೂ ಇದೆ.

ಆಮೇಲೆ ನೋಡಿದೆ. ಬಾಯಿಯ ಅಂಚಿನಿಂದ ಜೊಲ್ಲು ಇಳಿದು ತಿಳಿನೀಲಿ ಅಂಗಿ ಎದೆಯವರೆಗೂ ಒದ್ದೆಯಾಗಿತ್ತು. ಈ ಮನುಷ್ಯ ನಾಟಕಕ್ಕೆಂದು ಅಂಗಿ ಕೊಳೆ ಮಾಡಿಕೊಳ್ಳುವವರಲ್ಲ. ಹದಿನಾಲ್ಕು ವರ್ಷವೂ ಅವರು ಬೀಳಿಸಿದ್ದು ಎಡಗೈ. ಇವತ್ತು ಬಿದ್ದಿದ್ದು ಬಲಗೈ. ಪುಸ್ತಕಗಳನ್ನು ಅಲ್ಲೇ ಎಸೆದು ಓಡಿ ಹೋಗಿ ಅವರ ಭುಜ ಹಿಡಿದೆ. ಅವರ ಕಣ್ಣು ನನ್ನನ್ನೇ ನೋಡುತ್ತಿತ್ತು. ಕಿರುಚಿದೆ. ಏನೆಂದು ಕಿರುಚಿದೆನೋ ಗೊತ್ತಿಲ್ಲ. ಡಸ್ಟರು ಹಿಡಿದಿದ್ದ ಹುಡುಗಿ, "ಮಿಸ್, ನಾನು ಫೋನ್ ಮಾಡಿದೀನಿ ಮಿಸ್" ಎಂದು ಅಳುವುದಕ್ಕೆ ಶುರು ಮಾಡಿದಳು. ತಲೆಯೆತ್ತಿ ನೋಡಿದರೆ ಗೋಡೆಯ ಗಡಿಯಾರದಲ್ಲಿ 11.33.

ಹನ್ನೊಂದು ನಿಮಿಷ.

ಪಿಟಿ ಮೇಷ್ಟ್ರ ಕಾರಿನಲ್ಲಿ ಹಿಂದಿನ ಸೀಟಿಗೆ ಮಲಗಿಸಿ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಪಿಟಿ ಮೇಷ್ಟ್ರು ಹಾರ್ನಿನ ಬದಲು ಕೊರಳಲ್ಲಿದ್ದ ಸೀಟಿ ಊದುತ್ತಿದ್ದರು. ವಿಚಿತ್ರವೆಂದರೆ ಜನ ದಾರಿ ಬಿಟ್ಟರು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. "ಒಳ್ಳೆ ಟೈಮಿಗೆ ತಂದಿದೀರ ಮೇಡಂ, ಜನ ಸಾಯಂಕಾಲದವರೆಗೂ ಮನೇಲೇ ಇಟ್ಕೊಂಡಿರ್ತಾರೆ" ಎಂದರು ಡಾಕ್ಟರು. ಎಲ್ಲರೂ ನಿಟ್ಟುಸಿರು ಬಿಟ್ಟರು. ನನಗೆ ಆಗಲಿಲ್ಲ. ನಿಮಿಷಕ್ಕೆ ಲಕ್ಷಗಟ್ಟಲೆ ಎಂಬ ಲೆಕ್ಕವನ್ನು ಬಾಗಿಲಲ್ಲಿ ನಿಂತು ಹದಿನಾಲ್ಕು ಸಲ ಕೇಳಿದವಳು ನಾನು. ಅದನ್ನು ಹನ್ನೊಂದರಿಂದ ಗುಣಿಸುತ್ತಾ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೆ.

ಜೀವ ಉಳಿಯಿತು. ಕೋಲು ಹಿಡಿದು ನಡೆಯುವಷ್ಟು ಕಾಲೂ ಬಂತು, ಬಲಗೈ ಅರ್ಧಂಬರ್ಧ ಬಂತು. ಮಾತು ಹೋಯಿತು. ನಾವು ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಅವರ ಬಾಯಿಂದ ಮಾತ್ರ ಒಂದೇ ಪದ ಬರುತ್ತಿತ್ತು. "ಬಿಡ್ರಿ."

ಅದೊಂದು ಪದ ಹೇಗೆ ಉಳಿಯಿತೋ ಕಾಣೆ. ಅದರಲ್ಲೇ ಅವರು ಸಂಸಾರ ಮಾಡಿದರು. ಊಟಕ್ಕೆ ಕರೆದರೆ ಬಿಡ್ರಿ, ಸಾಕಾ ಎಂದರೆ ಬಿಡ್ರಿ, ಟಿವಿ ಹಾಕಲಾ ಎಂದರೂ ಬಿಡ್ರಿ. ತಳ್ಳುಗಾಡಿಯವಳು, "ಬೀನ್ಸ್ ಕಾಲು ಕೆಜಿ ಮೂವತ್ತು ಸಾರ್" ಎಂದರೆ ಇವರು "ಬಿಡ್ರಿ" ಎನ್ನುತ್ತಿದ್ದರು. ಅವಳು ಗಾಬರಿಯಾಗಿ, "ಆಯ್ತು ಇಪ್ಪತ್ತೈದು ಕೊಡಿ" ಎನ್ನುತ್ತಿದ್ದಳು. ಇವರು ಮತ್ತೆ "ಬಿಡ್ರಿ". ಅವಳು ಮೇಲಿಂದ ಒಂದು ಹಿಡಿ ಕರಿಬೇವು ಹಾಕಿ ಕೈಮುಗಿಯುತ್ತಿದ್ದಳು. ವೋಟು ಕೇಳಲು ಬಂದವರಿಗೂ ಅದೇ ಉತ್ತರ ಸಿಕ್ಕಿತ್ತಂತೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಆಯಮ್ಮ ಹಣೆ ಚಚ್ಚಿಕೊಂಡು, "ಮೂವತ್ತು ವರ್ಷದಿಂದ ನಾನು ಏನು ಕೇಳಿದ್ರೂ ಹಿಂಗೇ ಅಂತಿದ್ರು ಮೇಡಂ. ನನಗೇನೂ ಫರಕ್ಕೇ ಗೊತ್ತಾಗ್ತಿಲ್ಲ" ಎಂದು ನಗುತ್ತಿದ್ದರು. ನಕ್ಕು ಒಳಗೆ ಹೋದವರು ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.

ನಾನು ಪ್ರತಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಂಡಕ್ಕಿ ಪೊಟ್ಟಣ ಹಿಡಿದು ಹೋಗುತ್ತಿದ್ದೆ. ಹೋಗಿ ಶಾಲೆಯ ಸುದ್ದಿಯೆಲ್ಲ ಒದರುತ್ತಿದ್ದೆ. ಹೊಸ ವಿಜ್ಞಾನದ ಮೇಷ್ಟ್ರು ಬೆಲ್ಲಾದ ಕೂಡಲೇ ಹೊರಗೆ ಬರುತ್ತಾರೆ, ನನಗೆ ಪಾಠ ಮಾಡಲು ಪೂರ್ತಿ ನಲವತ್ತು ನಿಮಿಷ ಸಿಗುತ್ತದೆ, ಅದರಿಂದ ಏನೂ ಸುಖವಿಲ್ಲ ಎಂದೆಲ್ಲ ಹೇಳುತ್ತಿದ್ದೆ. ಹೇಳಬೇಕಾದ್ದನ್ನು ಮಾತ್ರ ಹೇಳಿರಲಿಲ್ಲ. ನಾನು ಪದಗಳ ಟೀಚರು. ನಾನು ನಗುತ್ತಾ ನಿಂತಿದ್ದ ಆ ಹನ್ನೊಂದು ನಿಮಿಷದಲ್ಲಿ ಈ ಮನುಷ್ಯನ ಯಾವ ಯಾವ ಪದಗಳು ಸತ್ತವೋ ಎಂದು ಯೋಚಿಸದ ದಿನವಿರಲಿಲ್ಲ. ತರಗತಿಯಲ್ಲಿ ಮಗುವೊಂದು ಓದುತ್ತಾ ತಡವರಿಸಿದರೆ ಆ ಪದವನ್ನು ನಾನೇ ಮೊದಲು ಹೇಳಿಬಿಡುತ್ತಿದ್ದೆ.

ಒಂದು ಶನಿವಾರ, ಅಕ್ಕ ಅಡುಗೆಮನೆಯಲ್ಲಿದ್ದಾಗ ಧೈರ್ಯ ಮಾಡಿದೆ. "ಸಾರ್, ಅವತ್ತು ನಾನು ಬಾಗಿಲಲ್ಲೇ ಇದ್ದೆ. ನೋಡ್ತಾನೇ ಇದ್ದೆ. ನಕ್ಕುಬಿಟ್ಟೆ ಸಾರ್. ಹನ್ನೊಂದು ನಿಮಿಷ ಸುಮ್ನೆ ನಿಂತು ನಕ್ಕೆ. ನನ್ನಿಂದ ಆಯ್ತು. ಕ್ಷಮಿಸಿಬಿಡಿ."

ಅವರು ನನ್ನನ್ನೇ ನೋಡಿದರು. ಆಮೇಲೆ, "ಬಿಡ್ರಿ" ಎಂದರು.

ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅಕ್ಕ ಕಾಫಿ ತಂದರು. "ಕುಡೀತೀರೇನ್ರಿ, ಬಿಸಿ ಇದೆ" ಎಂದರು. "ಬಿಡ್ರಿ" ಎನ್ನುತ್ತಾ ಇವರು ಎಡಗೈ ಚಾಚಿ ಲೋಟ ತೆಗೆದುಕೊಂಡು ಸೊರ್ರೆಂದು ಕುಡಿದರು. ನನ್ನ ಕ್ಷಮಾಪಣೆಗೂ ಕಾಫಿಗೂ ಒಂದೇ ಉತ್ತರ, ಒಂದೇ ರಾಗ! ನಗಬೇಕೋ ಅಳಬೇಕೋ ತಿಳಿಯದೆ ಬ್ಯಾಗು ಎತ್ತಿಕೊಂಡು ಹೊರಟೆ. ಬಸ್ಸಿನಲ್ಲಿ ಬಸವೇಶ್ವರನಗರದವರೆಗೂ ಅದೇ ಯೋಚನೆ. ಇರುವುದೇ ಒಂದು ಪದ, ಅದೂ ಮನ್ನಿಸುವ ಪದ. ಅದನ್ನು ನಂಬುವುದು ಹೇಗೆ?

ವಾರಕ್ಕೆರಡು ದಿನ ಮಾತು ಕಲಿಸಲು ಒಬ್ಬ ಹುಡುಗಿ ಬರುತ್ತಿದ್ದಳು. ಸತ್ತ ಭಾಗ ಮತ್ತೆ ಬರುವುದಿಲ್ಲ, ಅಕ್ಕಪಕ್ಕದ ಭಾಗಗಳೇ ಆ ಕೆಲಸ ಕಲಿಯಬೇಕು ಎಂದು ಅವಳು ನನಗೆ ವಿವರಿಸಿದಳು. ಗಣಿತದ ಮೇಷ್ಟ್ರು ರಜೆ ಹಾಕಿದಾಗ ಪಿಟಿ ಮೇಷ್ಟ್ರು ಗಣಿತ ತೆಗೆದುಕೊಳ್ಳುವಂತೆ ಎಂದು ನಾನು ಅರ್ಥ ಮಾಡಿಕೊಂಡೆ. ನಮ್ಮ ಶಾಲೆಯಲ್ಲಿ ಹಾಗೆ ಮಾಡಿದಾಗಿನ ಫಲಿತಾಂಶ ನೆನೆದು ಧೈರ್ಯ ಕುಸಿಯಿತು. ಅವಳು ಚಿತ್ರದ ಕಾರ್ಡುಗಳನ್ನು ಹಿಡಿದು ನೀರು, ಊಟ, ಮನೆ ಎಂದು ಕಲಿಸಲು ನೋಡುತ್ತಿದ್ದಳು. ಇವರು ಕಾರ್ಡುಗಳನ್ನು ಪಕ್ಕಕ್ಕೆ ಸರಿಸಿ "ಬಿಡ್ರಿ" ಎನ್ನುತ್ತಿದ್ದರು. ಜನ್ಮವಿಡೀ ಬೇರೆಯವರಿಗೆ ಹೋಮ್‌ವರ್ಕ್ ಕೊಟ್ಟು ಸತಾಯಿಸಿದವರು ತಾವು ಮಾತ್ರ ಮಾಡಲು ತಯಾರಿರಲಿಲ್ಲ. ಕೊನೆಗೆ ಅವಳು, ಹೆಂಡತಿಯ ಹೆಸರಾದರೂ ಹೇಳಿ ಎಂದು ಗೋಗರೆದಳು. ಅದಕ್ಕೂ ಅದೇ ಉತ್ತರ. ಅಕ್ಕನಿಗೆ ಅವತ್ತು ನಿಜವಾಗಿಯೂ ಬೇಜಾರಾಯಿತು. "ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಏನೋ ನಾ ನಾ ಅಂತ ಒದರ್ತಾರೆ ಮೇಡಂ, ಹೊರಗೆ ಬಂದ್ರೆ ಬಾಯಿ ಬಿಡಲ್ಲ. ಮೂರು ವಾರದಿಂದ ಹಿಂಗೇ" ಎಂದು ಫೋನಿನಲ್ಲಿ ದೂರಿಕೊಂಡರು.

ಮುಂದಿನ ಶನಿವಾರ ಹೋದೆ. ಚಪ್ಪಲಿ ಬಿಡುತ್ತಿದ್ದ ಹಾಗೇ ಅವರು ಕೋಲಿನಿಂದ ಕುರ್ಚಿ ತೋರಿಸಿದರು. ಕೂತೆ. ಅಕ್ಕನ ಕಡೆಗೂ ಕೋಲು ತೋರಿಸಿ, ಅವರನ್ನೂ ಕೂರಿಸಿದರು. ಶಾಲೆಗೆ ಹೋಗುವವರ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು. ನನ್ನ ಮುಖ ನೋಡುತ್ತಾ ಬಾಯಿ ತೆರೆದರು. "ನಾ..." ಎಂದರು. ನಿಂತರು. ಹಣೆಯ ಮೇಲೆ ಬೆವರು ಮೂಡಿತು, ವಿಭೂತಿ ಒದ್ದೆಯಾಯಿತು. "ನಾ... ನಾ..." ನಾನು ಸಹಾಯ ಮಾಡಲು, "ನಾಳೆ?" ಎಂದೆ. ಕೋಲನ್ನು ನೆಲಕ್ಕೆ ಕುಟ್ಟಿ ಸುಮ್ಮನಿರಿಸಿದರು.

"ನಾನೂ... ನಕ್ಕೆ."

ನನಗೆ ಅರ್ಥವಾಗಲಿಲ್ಲ. ಇವರು ಯಾವಾಗ ನಕ್ಕರು? ಅವತ್ತು ನಗುವ ಸ್ಥಿತಿಯಲ್ಲಿ ಎಲ್ಲಿದ್ದರು? ಅಕ್ಕನ ಕಡೆ ನೋಡಿದೆ. ಅಕ್ಕನ ಮುಖ ಬಿಳಿಚಿಕೊಂಡಿತ್ತು.

"ಅವತ್ತು ಬೆಳಿಗ್ಗೆ ಮೇಡಂ" ಎಂದರು, ಸೆರಗಿನ ತುದಿ ಹಿಂಡುತ್ತಾ. "ಅಂಗಿ ಗುಂಡಿ ಹಾಕೋಕೆ ಬರಲಿಲ್ಲ ಇವ್ರಿಗೆ. ಬಲಗೈ ಹಿಡಿತಾನೇ ಇಲ್ಲ, ಮಾತೂ ಒಂಥರಾ ತೊದಲ್ತು. ಕಾಲು ಗಂಟೆ ಅಷ್ಟೇ, ಆಮೇಲೆ ಸರಿ ಹೋಯ್ತು. ಡಾಕ್ಟ್ರ ಹತ್ರ ಹೋಗೋಣ್ರಿ ಅಂದೆ. ಇವತ್ತು ನನ್ನ ಡೆಮೋ ಐತಲ್ಲ, ಮನೇಲೇ ರಿಹರ್ಸಲ್ ಆಯ್ತು ನೋಡು ಅಂತ ನಕ್ರು. ಇವ್ರು ನಕ್ಕಿದ್ದು ನೋಡಿ ನಾನೂ ನಕ್ಕೆ. ನಾನೇ ಗುಂಡಿ ಹಾಕಿ ಸ್ಕೂಟರ್ ಹತ್ತಿಸಿ ಕಳಿಸಿದೆ. ಯಾರ ಹತ್ರಾನೂ ಹೇಳಿಲ್ಲ ಮೇಡಂ ಇಷ್ಟು ದಿನ. ಡಾಕ್ಟ್ರು ಕೇಳಿದಾಗಲೂ ಹೇಳಲಿಲ್ಲ." ಹೇಳುತ್ತಾ ಹೇಳುತ್ತಾ ಬಿಕ್ಕಿ ಬಿಕ್ಕಿ ಅಳತೊಡಗಿದರು.

ನನಗೆ ಕರುಣೆ ಬರಬೇಕಿತ್ತು. ಬಂದದ್ದು ಸಿಟ್ಟು. ಕಾಯಿಲೆ ಮನುಷ್ಯ ಎಂದು ಅಷ್ಟು ತಿಂಗಳಿಂದ ನಾಜೂಕಾಗಿ ಆಡುತ್ತಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ಗೊತ್ತಿತ್ತಾ ನಿಮಗೆ?" ಎಂದು ಎದ್ದು ನಿಂತೆ. "ಇಡೀ ವಿಜಯನಗರಕ್ಕೆ ಪಾಠ ಹೇಳೋರು ನೀವು! ಐದು ನಿಮಿಷ ಬಂದು ಹೋದ್ರೂ ಅದು ಎಚ್ಚರಿಕೆ, ನೆಟ್ಟಗೆ ಆಸ್ಪತ್ರೆಗೆ ಓಡಿ ಅಂತ ವರ್ಷ ವರ್ಷ ಬಡ್ಕೊಂಡೋರು ಯಾರು? ನನಗೇ ಬಾಯಿಪಾಠ ಆಗಿದೆ, ನಿಮಗೆ ಮರೆತುಹೋಯ್ತಾ? ಮಕ್ಕಳ ಚಪ್ಪಾಳೆ ಬೇಕಾಗಿತ್ತಾ? ನಾನಿಲ್ಲಿ ಹನ್ನೊಂದು ನಿಮಿಷ ಹನ್ನೊಂದು ನಿಮಿಷ ಅಂತ ಸಾಯ್ತಿದೀನಿ, ಅಕ್ಕ ಅಡುಗೆಮನೇಲಿ ಸಾಯ್ತಿದಾರೆ, ನೀವು ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು..." ಇನ್ನೂ ಏನೇನೋ ಅಂದೆ. ಕೆಳಗಿನ ಮನೆಯವರು ಹೊರಗೆ ಬಂದು ಮೇಲೆ ನೋಡಿದರಂತೆ. ಬೈಯುತ್ತಲೇ ಅಳುತ್ತಿದ್ದೆ, ಅಳುತ್ತಲೇ ಬೈಯುತ್ತಿದ್ದೆ.

ಅವರು ಸೊಟ್ಟ ತುಟಿಯಲ್ಲೇ ಮುಗುಳ್ನಗುತ್ತಾ, ಬಹಳ ದಿನಗಳ ಮೇಲೆ ಯಾರೋ ತಮ್ಮನ್ನು ಮನುಷ್ಯ ಎಂದುಕೊಂಡು ಮಾತಾಡಿಸಿದರು ಎಂಬಂತೆ ಪೂರ್ತಿ ಕೇಳಿಸಿಕೊಂಡರು. ನನ್ನ ಉಸಿರು ಮುಗಿದು ನಾನು ಕುರ್ಚಿಯಲ್ಲಿ ಕುಸಿದ ಮೇಲೆ, ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು. ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದ ಅವರ ಕೈಯನ್ನು ಆ ಅರ್ಧಂಬರ್ಧ ಬಲಗೈಯಿಂದಲೇ ಕಷ್ಟಪಟ್ಟು ಕೆಳಗಿಳಿಸಿದರು. ಅಕ್ಕ ತಮ್ಮ ಮುಖ ನೋಡುವವರೆಗೂ ಕಾದರು. ಮತ್ತೆ ಮೊದಲಿನಿಂದ ಶುರು ಮಾಡಿದರು. ಮತ್ತೆ ಅಷ್ಟೇ ಬೆವರು, ಅಷ್ಟೇ ತಡವರಿಕೆ. ನಾನು ಈ ಸಲ ಸಹಾಯ ಮಾಡಲು ಹೋಗಲಿಲ್ಲ.

"ನಾನೂ... ನಕ್ಕೆ" ಎಂದರು, ಅಕ್ಕನಿಗೆ.